ಮಣಿಯ ಲೆಕ್ಕ, ಮೈಯ ಲಕ್ಷಣ

ಮುಟ್ಟಾದವಳನ್ನು ಹೊರಗಾದಳು, ಕಡೆಯಾದಳು ಎಂದು ನಾವು ಕನ್ನಡಿಗರು ಹೇಳುವಂತೆಯೇ, ನಾನು ನೆಲಸಿರುವ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆರೆಮನೆಯ ಮರಾಠಿ ಅಜ್ಜಿಯರು ‘ಕಾವಳಾ ಶಿವಲಾ’, ಅಂದರೆ ಕಾಗೆ ಮುಟ್ಟಿತು, ಎನ್ನುತ್ತಾರೆ. ರಕ್ತ ಕಾಣುವ ದಿನಗಳಿಗೆ ಇಷ್ಟು ಹೆಸರುಗಳನ್ನಿತ್ತಿರುವ ನಮ್ಮ ಆಡುಮಾತು, ಗರ್ಭ ನಿಲ್ಲಬಹುದಾದ ದಿನಗಳ ಲಕ್ಷಣಕ್ಕೆ ಬಂದಾಗ ಬಿಳಿಸೆರಗೆಂಬ ರೋಗದ ಹೆಸರೊಂದನ್ನೇ ಮುಂದೊಡ್ಡುತ್ತದೆ. ದುರ್ಗಂಧವಾಗಲಿ ತುರಿಕೆಯಾಗಲಿ ಇಲ್ಲದೆ, ಹಸಿ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಬೆರಳುಗಳ ನಡುವೆ ಎಳೆದರೆ ನೂಲಿನಂತೆ ನೀಳವಾಗುವ ಸ್ರಾವವು ಅಂಡೋತ್ಪತ್ತಿಯು ಸಮೀಪಿಸಿತೆಂಬುದರ ಸೂಚನೆಯೆಂದು ತಿಳಿಯದೆ, ಮದ್ದಿಗಾಗಿ ಅಲೆದ ಗೃಹಿಣಿಯರನ್ನು ನಾನು ಬಲ್ಲೆ.

ಗರ್ಭ ನಿಲ್ಲಬಹುದಾದ ದಿನಗಳನ್ನು ತಿಳಿದು ಸಂತಾನವನ್ನು ನಿಯಂತ್ರಿಸುವ ವಿದ್ಯೆಯನ್ನು ಕಲಿಸುವ ಪ್ರಥಮ ಸರ್ಕಾರಿ ಪ್ರಯತ್ನಗಳಲ್ಲೊಂದು ನಮ್ಮ ರಾಮನಗರದಲ್ಲಿಯೇ ನಡೆಯಿತು. ಗಾಂಧೀಜಿಯವರ ಅನುಯಾಯಿಯೂ ಆರೋಗ್ಯ ಸಚಿವೆಯೂ ಆಗಿದ್ದ ರಾಜಕುಮಾರಿ ಅಮೃತ ಕೌರ್ ಅವರಿಗೆ ಗರ್ಭನಿರೋಧದ ಕೃತಕ ಸಾಧನಗಳು ಸಮ್ಮತವಾಗಿರಲಿಲ್ಲವಾದುದರಿಂದ, ದಿನಗಳನ್ನೆಣಿಸುವ ವಿಧಾನವನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ದೆಹಲಿಯ ಲೋಧಿ ಕಾಲೋನಿಯೊಡನೆ ರಾಮನಗರವೂ ಪ್ರಯೋಗಕ್ಷೇತ್ರವಾಯಿತು. ದಿನಕ್ಕೊಂದು ಮಣಿಯಂತೆ ಸರಿಸಿ ಎಣಿಸಬೇಕಾದ, ಬಣ್ಣಬಣ್ಣದ ಮಣಿಗಳ ಸರವನ್ನು ಅಲ್ಲಿ ಬಳಕೆಗೆ ತಂದರು.

ಆ ಸದುದ್ದೇಶವನ್ನು ಗೌರವಿಸಿಯೂ ಆ ಸರವನ್ನು ನಾನು ಒಪ್ಪಲಾರೆ. ರಾಮನಗರವು ರೇಷ್ಮೆಯ ಸೀಮೆ. ಹುಳು ಹಣ್ಣಾಯಿತೆಂದು ಅಲ್ಲಿಯ ಹೆಂಗಸು ಪಂಚಾಂಗವನ್ನು ನೋಡಿ ನಿರ್ಣಯಿಸುವವಳಲ್ಲ. ಅದು ಮೇವು ಬಿಟ್ಟುದನ್ನೂ, ಅದರ ಮೈ ಹಳದಿಗೆ ತಿರುಗಿ ಪಾರಕವಾದುದನ್ನೂ ಕಣ್ಣಾರೆ ಕಂಡು, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುವವಳು. ಪ್ರತಿಯೊಂದು ಹುಳುವಿನ ಲಕ್ಷಣವನ್ನು ಹೀಗೆ ಓದಬಲ್ಲವಳಿಗೆ ಅವಳ ಮೈಯ ಲಕ್ಷಣವನ್ನು ಓದಲು ಕಲಿಸದೆ ಮಣಿಯೆಣಿಸಲು ಹೇಳಿದ್ದು ಅವಳ ಬುದ್ಧಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ.

ಎಣಿಕೆಯ ದೋಷವು ಶರೀರಧರ್ಮದಲ್ಲಿಯೇ ಇದೆ. ಅಂಡೋತ್ಪತ್ತಿಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಬಹುಮಟ್ಟಿಗೆ ಎರಡು ವಾರಗಳ ಆಸುಪಾಸಿನಲ್ಲಿ ನಿಲ್ಲುತ್ತದೆಯಾದರೂ ಅದರ ಹಿಂದಿನ ಅವಧಿಯು ಹಿಗ್ಗುವುದೂ ಕುಗ್ಗುವುದೂ ಉಂಟು. 28 ದಿನಗಳ ಚಕ್ರದಲ್ಲಿ ಸುಮಾರು 14ನೆಯ ದಿನ ಸಂಭವಿಸುವ ಅಂಡೋತ್ಪತ್ತಿಯು 35 ದಿನಗಳ ಚಕ್ರದಲ್ಲಿ 21ರ ಸುಮಾರಿಗೆ ಸಂಭವಿಸೀತು. ಅಂಡದ ಆಯುಸ್ಸು ಒಂದು ದಿನವನ್ನು ಮೀರದು. ವೀರ್ಯಾಣುವಾದರೋ ನೂಲಿನಂತೆ ನೀಳವಾಗುವ ಆ ಸ್ರಾವದ ಆಶ್ರಯದಲ್ಲಿ ಐದು ದಿನಗಳವರೆಗೂ ಬದುಕೀತು. ಆದುದರಿಂದ ಸ್ರಾವವು ಮುಂಚಿತವಾಗಿ ಎಚ್ಚರಿಸುತ್ತದೆ. ಮತ್ತೊಂದು ಲಕ್ಷಣವಾದ ದೇಹದ ಉಷ್ಣತೆಯ ಏರಿಕೆಯಾದರೋ ಅಂಡೋತ್ಪತ್ತಿಯು ಮುಗಿದ ಮೇಲೆಯೇ ತಿಳಿಸುತ್ತದೆ. ಅಲ್ಲದೆ ಉಷ್ಣತೆಯನ್ನು ನಿದ್ರೆಯಿಂದೆದ್ದೊಡನೆ, ಹಾಸಿಗೆ ಬಿಡುವ ಮುನ್ನ, ನಿತ್ಯವೂ ಒಂದೇ ಹೊತ್ತಿಗೆ ಅಳೆಯಬೇಕು. ಒಂದು ದಿನ ನಾಲ್ಕಕ್ಕೆದ್ದು ಊಟದ ಡಬ್ಬಿ ಕಟ್ಟಿ ಲೋಕಲ್ ರೈಲು ಹಿಡಿಯುವ, ಮತ್ತೊಂದು ದಿನ ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮಲಗುವ ನಮ್ಮ ಡೊಂಬಿವಲಿಯ ಹೆಣ್ಣುಮಗಳಿಗೆ ಇದು ಸುಲಭಸಾಧ್ಯವಲ್ಲ.

ಸಾಮಾನ್ಯ ಸ್ತ್ರೀಯರು ಸ್ರಾವದ ಲಕ್ಷಣವನ್ನು ಓದಲು ಕಲಿತಾರೆಯೆ ಎಂಬ ಸಂದೇಹಕ್ಕೆ, ಬೆಂಗಳೂರೂ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನವು ಉತ್ತರವಿತ್ತಿದೆ. ಅದರಲ್ಲಿ ಭಾಗವಹಿಸಿದ 869 ಸ್ತ್ರೀಯರ ಪೈಕಿ ಶೇಕಡ 93ರಷ್ಟು ಮಂದಿ ಮೊದಲನೆಯ ಚಕ್ರದಲ್ಲಿಯೇ ಲಕ್ಷಣವನ್ನು ಗುರುತಿಸಿ ದಾಖಲಿಸಿದರು. ಆದರೂ ಗರ್ಭ ತಡೆಯಲು ಇದನ್ನು ಬಳಸಿದಾಗ ವರ್ಷಕ್ಕೆ ನೂರರಲ್ಲಿ ಸುಮಾರು 22 ಮಂದಿ ಗರ್ಭ ಧರಿಸಿದರು. ಫಲವತ್ತಾದ ದಿನಗಳಲ್ಲಿ ಕೂಡಬಾರದೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಲ್ಲಿ ಈ ಸಂಖ್ಯೆ ಮೂರರ ಆಸುಪಾಸು. ನಡುವಣ ಅಂತರದ ಹೆಚ್ಚಿನ ಪಾಲು, ಫಲವತ್ತಾದ ದಿನವೆಂದು ತಿಳಿದೂ ದಂಪತಿಗಳು ನಿಯಮ ಮೀರಿದುದರ ಫಲ. ಹೆಂಡತಿ ಬೇಡವೆಂದಾಗ ಗಂಡ ಕೇಳುವನೆಂಬ ಭರವಸೆಯಿಲ್ಲದ ಮನೆಯಲ್ಲಿ ಇದನ್ನೊಂದನ್ನೇ ನಂಬೆಂದು ನಾನು ಯಾವ ಹೆಣ್ಣಿಗೂ ಹೇಳಲಾರೆ. ಹೆರಿಗೆಯಾಗಿ ಮೊಲೆಯೂಡಿಸುತ್ತಿರುವವಳಿಗೂ, ಮುಟ್ಟು ನಿಲ್ಲುವ ವಯಸ್ಸಿನವಳಿಗೂ ಲಕ್ಷಣಗಳು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮಗುವನ್ನು ಬಯಸಿ ಕಾದಿರುವವಳಿಗಾದರೋ ಇದಕ್ಕಿಂತ ಅಗ್ಗವಾದ ಉಪಕಾರ ಮತ್ತೊಂದಿಲ್ಲ.

ಮೊನ್ನೆ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಠಾಣೆ ನಿಲ್ದಾಣದವರೆಗೆ ಪಕ್ಕದಲ್ಲಿ ಕುಳಿತಿದ್ದ ತರುಣಿಯೊಬ್ಬಳು ಮೊಬೈಲಿನಲ್ಲಿ ಬಣ್ಣದ ದಿನಗಳ ವೃತ್ತವೊಂದನ್ನು ನೋಡುತ್ತಿದ್ದಳು. ಕಳೆದ ಮುಟ್ಟಿನ ತಾರೀಖೊಂದನ್ನೇ ಅದಕ್ಕೆ ಕೊಟ್ಟಿರುವುದಾಗಿ ಅವಳು ಹೇಳಿದಾಗ, ರಾಮನಗರದ ಆ ಸರವೇ ನನ್ನ ಕಣ್ಣೆದುರಿಗೆ ಬಂದಿತು.