ಹಿಂದಿನ ಸೀಟು

ನಮ್ಮ ಶಾಲೆಯ ಗ್ರಂಥಾಲಯಕ್ಕೆ ಯಾರೋ ಕೊಟ್ಟುಹೋದ ಹಳೆಯ ಅಮೆರಿಕನ್ ಪತ್ರಿಕೆಗಳ ಕಟ್ಟೊಂದಿತ್ತು. 1950ರ ದಶಕದವು. ಪುಟ ತಿರುವಿದಲ್ಲೆಲ್ಲ ಕಾರಿನ ಜಾಹೀರಾತು. ಅವುಗಳಲ್ಲಿ ಒಂದು ಜಾತಿಯ ಕಾರು ಮತ್ತೆ ಮತ್ತೆ ಕಂಡಿತು. ಉದ್ದನೆಯ ಮೈ, ಹಿಂದಿನ ತುದಿಯವರೆಗೂ ಚಾಚಿದ ಮಾಡು, ಪಕ್ಕಕ್ಕೆ ಹಲಗೆ ಹೊಡೆದಂತೆ ಮರದ ಬಣ್ಣ. ಹಿಂಬಾಗಿಲು ತೆರೆದಿದೆ, ಒಳಗೆ ಮಕ್ಕಳು, ನಾಯಿ, ಸಾಮಾನಿನ ಚೀಲ. ಪಕ್ಕದಲ್ಲಿ ನಗುವ ಹೆಂಗಸು. ಇದು ಸ್ಟೇಷನ್ ವ್ಯಾಗನ್.

ವಿಜ್ಞಾನದ ಮೇಷ್ಟ್ರು ಇಣುಕಿ, "ಎಂಥಾ ಗಾಡಿ ಟೀಚರ್, ಇಡೀ ಸಂಸಾರ ಹಿಡಿಸ್ತದೆ!" ಎಂದರು. ನನಗೆ ನೆನಪಾದದ್ದು ನಮ್ಮ ಸರ್ವೀಸ್ ಜೀಪು.

ನಗಬೇಡಿ, ಇವೆರಡಕ್ಕೂ ನೆಂಟಸ್ತಿಕೆ ಇದೆ. ಎರಡನೇ ಮಹಾಯುದ್ಧಕ್ಕೆ ಜೀಪು ಮಾಡಿಕೊಟ್ಟ ವಿಲ್ಲೀಸ್ ಕಂಪನಿಯೇ 1946ರಲ್ಲಿ ಮನೆಮಂದಿಗೆಂದು ಪೂರಾ ಉಕ್ಕಿನ ಮೈಯ ಸ್ಟೇಷನ್ ವ್ಯಾಗನ್ ತಂದಿತು. ಬ್ರೂಕ್ಸ್ ಸ್ಟೀವನ್ಸ್ ಎಂಬವರ ವಿನ್ಯಾಸ. ಅದಕ್ಕೂ ಮರದಂತೆ ಕಾಣುವ ಬಣ್ಣವನ್ನೇ ಬಳಿದರು! ಅದೇ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರದವರು ನಮ್ಮಲ್ಲಿ ಜೋಡಿಸತೊಡಗಿದರು. ಅಂದರೆ ನಮ್ಮ ಜೀಪು ಆ ಚಂದದ ಕಾರಿನ ಬಡ ಅಕ್ಕ. ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂದದ್ದು ರೈಲು ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಸ್ಟೇಷನ್ನಿನಿಂದ ಒಯ್ಯುವ ಗಾಡಿಯಿಂದ. ಹಾಗಾದರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ಹೊರಗೆ ಕುಕ್ಕೆಗೆ ಹೋಗುವವರನ್ನು ಕಾದು ನಿಲ್ಲುತ್ತಿದ್ದ ಜೀಪಿಗಿಂತ ಅಪ್ಪಟ ಸ್ಟೇಷನ್ ವ್ಯಾಗನ್ ಇನ್ನೊಂದುಂಟೆ?

ಸುಳ್ಯ, ಕಡಬ, ಪುತ್ತೂರಿನ ಒಳದಾರಿಗಳಲ್ಲಿ ಜೀಪು ಹತ್ತದೆ ದೊಡ್ಡವರಾದವರು ನನ್ನ ಪ್ರಾಯದವರಲ್ಲಿ ಕಡಿಮೆ. ಬಸ್ಸು ಬಾರದ ಕಡೆಗೆಲ್ಲ ಅದು ಬಂತು. ಅಡಿಕೆ ಮೂಟೆ, ರಬ್ಬರ್ ಶೀಟು, ಹಲಸಿನಕಾಯಿ, ಪುತ್ತೂರು ಜಾತ್ರೆಗೆ ಹೊರಟ ಮಕ್ಕಳು, ಎಲ್ಲ ಒಂದೇ ಗಾಡಿಯಲ್ಲಿ. ಈಗ ಅದನ್ನು ಹೊಗಳಿ ಬರೆಯುವವರು ಬಹಳ. ಆ ಮಳೆ, ಆ ಕೆಸರು, ಆ ಟರ್ಪಾಲಿನ ವಾಸನೆ! ಓದಲು ಚೆನ್ನಾಗಿಯೇ ಇದೆ. ಆದರೆ ಬರೆದವರಲ್ಲಿ ಹೆಚ್ಚಿನವರು ಮುಂದಿನ ಸೀಟಿನಲ್ಲಿ ಕೂತವರು, ಇಲ್ಲವೇ ಹಿಂದೆ ಕಂಬಿ ಹಿಡಿದು ನೇತಾಡಿದ ಹುಡುಗರು. ನಡುವೆ ಹೆಂಗಸರಿದ್ದೆವು. ಹತ್ತುವ ಮೆಟ್ಟಿಲು ಎಷ್ಟು ಎತ್ತರವಿತ್ತೆಂದರೆ ಸೀರೆ ಮೊಣಕಾಲಿಗೆ ಏರದೆ ಹತ್ತುವಂತಿರಲಿಲ್ಲ. ಸೈನಿಕನ ಕಾಲಿಗೆ ಅಳೆದು ಮಾಡಿದ ಗಾಡಿ ಅದು. ಕಂಕುಳಲ್ಲಿ ಮಗುವಿರುವವಳ ಅಳತೆಯನ್ನು ಯಾರೂ ತೆಗೆಯಲಿಲ್ಲ.

1977ರ ಮಳೆಗಾಲದ ಒಂದು ರಾತ್ರಿ ಅಮ್ಮನಿಗೆ ಹೆರಿಗೆ ನೋವು ಬಂತು. ಪಂಜದಿಂದ ಜೀಪು ತರಿಸಿದರು. ಮುಂದೆ ಅಪ್ಪ, ದೊಡ್ಡಪ್ಪ. ಹಿಂದಿನ ಹಲಗೆಯ ಮೇಲೆ ಗೋಣಿ ಹಾಸಿ ಅಮ್ಮ, ತಲೆ ಹಿಡಿದುಕೊಂಡು ಅಜ್ಜಿ. ಪುತ್ತೂರು ಮುಟ್ಟುವವರೆಗೂ ಪ್ರತಿ ಹೊಂಡಕ್ಕೂ ಅಮ್ಮನ ಬೆನ್ನು ಹಲಗೆಗೆ ಬಡಿಯಿತಂತೆ. ಮುಂದಿನ ಸೀಟಿಗೆ ಕುಶನ್ ಇತ್ತು. "ಅಲ್ಲಿ ಯಾಕೆ ಕೂರಿಸಲಿಲ್ಲ?" ಎಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. "ಡ್ರೈವರಿಗೆ ದಾರಿ ಹೇಳಲಿಕ್ಕೆ ಗಂಡಸರು ಬೇಡವಾ?" ಎಂದರು ಅಮ್ಮ. ಆ ದಾರಿಯಲ್ಲಿ ದಿನಾ ನಾಲ್ಕು ಸಲ ಓಡಾಡುವ ಡ್ರೈವರು! ತಮ್ಮ ಸುಖವಾಗಿ ಹುಟ್ಟಿದ, ಮಾತು ಅಲ್ಲಿಗೆ ಮುಗಿಯಿತು.

ಒಂದು ಮಾತು ಮಾತ್ರ ಜೀಪಿನ ಪರವಾಗಿ ಹೇಳಬೇಕು. ಎದುರು ಬದುರು ಬೆಂಚು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಮಾತಾಡದೆ ವಿಧಿಯಿಲ್ಲ. ಬಿ.ಎಡ್. ಅರ್ಜಿಗೆ ಮರುದಿನವೇ ಕೊನೆಯೆಂದು ನನಗೆ ತಿಳಿದದ್ದು ಎದುರಿಗೆ ಕೂತ ಅಪರಿಚಿತ ಅಕ್ಕನಿಂದ. ಅವರ ಮಡಿಲಲ್ಲಿ ಕೋಳಿಯಿತ್ತು. ನನ್ನ ನೌಕರಿ ಆ ಹಲಗೆಯ ಋಣ.

ಇನ್ನು ಆ ಅಮೆರಿಕದವಳು. ಚಿತ್ರ ನೋಡಿದಾಗ ಹೊಟ್ಟೆಕಿಚ್ಚಾದದ್ದು ನಿಜ. ಕೀಲಿಕೈ ಅವಳ ಕೈಯಲ್ಲಿದೆ! ಆದರೆ ಯಾಕಿದೆ? ಯುದ್ಧ ಮುಗಿದ ಮೇಲೆ ಅಲ್ಲಿ ಊರಾಚೆಗೆ ಸಾಲುಸಾಲು ಮನೆಗಳೆದ್ದವು. ಅಂಗಡಿ ದೂರ, ಶಾಲೆ ದೂರ, ಬಸ್ಸು ಅಪರೂಪ. ಗಂಡ ಕೆಲಸಕ್ಕೆ ಹೋದಮೇಲೆ ಎಲ್ಲರನ್ನೂ ಎಲ್ಲ ಕಡೆಗೂ ಮುಟ್ಟಿಸುವ ಕೆಲಸ ಅವಳದ್ದು. 1963ರಲ್ಲಿ ಬೆಟ್ಟಿ ಫ್ರೀಡನ್ ಆ ಗೃಹಿಣಿಯರ ಒಳಗುದಿಯ ಬಗ್ಗೆ ಪುಸ್ತಕ ಬರೆದಾಗ, ಮಕ್ಕಳನ್ನು ಕಾರಿನಲ್ಲಿ ಸುತ್ತಾಡಿಸುವುದನ್ನೂ ಅವರ ದಿನಚರಿಯಲ್ಲಿ ಎಣಿಸಿದರು. ಜಾಹೀರಾತು ಈ ಪಟ್ಟಿಯನ್ನು ತೋರಿಸುವುದಿಲ್ಲ, ನಗುವನ್ನು ಮಾತ್ರ ತೋರಿಸುತ್ತದೆ. ಫೋರ್ಡಿನ ಕಂಟ್ರಿ ಸ್ಕ್ವೈರ್ 1950ರಲ್ಲಿ ಬಂದಾಗ ಅದರ ಮೈಗೆ ನಿಜವಾದ ಮರವೇ ಇತ್ತು. 1991ರಲ್ಲಿ ನಿಲ್ಲುವ ಹೊತ್ತಿಗೆ ಉಳಿದದ್ದು ಮರದ ಚಿತ್ರದ ಅಂಟುಹಾಳೆ. ಆ ನಗುವೂ ಅದೇ ಜಾತಿಯದು ಎಂದು ನನ್ನ ಗುಮಾನಿ.

ಗುಮಾನಿಗೆ ಕಾರಣವಿದೆ. ನಲವತ್ತೇಳರಲ್ಲಿ ನಾನು ಕಾರು ಕಲಿತೆ. ಮೊದಲ ವಾರ ರೆಕ್ಕೆ ಬಂದ ಹಾಗಾಯಿತು. ಎರಡನೇ ವಾರದಿಂದ ಶುರು: "ಹೇಗೂ ಕಡಬಕ್ಕೆ ಹೋಗ್ತೀಯಲ್ಲ, ಗ್ಯಾಸ್ ಸಿಲಿಂಡರ್ ತಾ", "ಹೇಗೂ ಕಾರುಂಟಲ್ಲ, ಚಿಕ್ಕಮ್ಮನನ್ನು ಬಿಟ್ಟು ಬಾ". ಈ 'ಹೇಗೂ' ಇದೆಯಲ್ಲ, ಅದನ್ನು ಆ ಜಾಹೀರಾತಿನವಳೂ ಅವಳ ಭಾಷೆಯಲ್ಲಿ ದಿನಾ ಕೇಳಿರಬೇಕು. ಆದರೂ ಕೀಲಿಕೈ ವಾಪಸು ಕೊಡುವವಳಲ್ಲ ನಾನು. ಪಟ್ಟಿಯನ್ನು ಹಂಚಿಕೊಳ್ಳಿ ಎಂದು ಮನೆಯಲ್ಲಿ ಜಗಳ ನಡೆಯುತ್ತಲೇ ಇದೆ.

ಮೊನ್ನೆ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಪುತ್ತೂರಿಗೆ ಹೊರಟೆ. ಕಾರಿನಲ್ಲಿ ನಾವಿಬ್ಬರೇ. ಮುಂದಿನ ಬಾಗಿಲು ತೆರೆದು ನಿಂತರೆ ಅಮ್ಮ ಹಿಂದಿನದಕ್ಕೆ ಕೈ ಹಾಕಿದರು. ಗದರಿಸಿ ಮುಂದೆ ಕೂರಿಸಿದೆ. ಸವಣೂರು ದಾಟುವವರೆಗೂ ಸೆರಗು ಹಿಡಿದುಕೊಂಡು ಸುಮ್ಮನಿದ್ದರು. ಆಮೇಲೆ, "ಇಲ್ಲಿ ಬಿಸಿಲು ಜೋರು ಮಾರಾಯ್ತಿ. ಇಷ್ಟು ವರ್ಷ ಗಂಡಸರು ಹೇಗೆ ಕೂತರೋ!" ಎಂದರು.