ತುಂಗೆಯ ದಂಡೆಯಲ್ಲಿ ಹವಾಖೋರಿ

ಶಿವಮೊಗ್ಗದ ಬಗ್ಗೆ ಅಚ್ಚಾದ ಯಾವ ಪ್ರವಾಸಿ ಕೈಪಿಡಿಯನ್ನು ತೆಗೆದು ನೋಡಿದರೂ ಹೆಚ್ಚುಕಡಿಮೆ ಒಂದೇ ಪಟ್ಟಿ ಸಿಗುತ್ತದೆ. ಸಕ್ರೆಬೈಲಿನ ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ, ಗಾಜನೂರಿನ ಅಣೆಕಟ್ಟು, ಮಂಡಗದ್ದೆಯ ಪಕ್ಷಿಧಾಮ, ಕೂಡ್ಲಿಯ ಸಂಗಮ, ಕೊನೆಗೆ ಜೋಗ. ಇವುಗಳಲ್ಲಿ ಒಂದಾದರೂ ಊರೊಳಗಿಲ್ಲ. ಕೈಪಿಡಿ ಬರೆದವರ ಲೆಕ್ಕದಲ್ಲಿ ಶಿವಮೊಗ್ಗವೆಂದರೆ ರಾತ್ರಿ ಬಸ್ಸಿಳಿದು ಲಾಡ್ಜು ಹಿಡಿದು, ಬೆಳಿಗ್ಗೆ ದೋಸೆ ತಿಂದು ಬೇರೆಲ್ಲಿಗೋ ಹೊರಡುವ ಜಾಗ. ಶಿವಪ್ಪನಾಯಕನ ಅರಮನೆಯೊಂದು ಅಪವಾದ. ಹೆಸರು 17ನೇ ಶತಮಾನದ ಕೆಳದಿ ಅರಸನದು. ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದೆಂದು ಹೇಳುವ ವಿದ್ವಾಂಸರಿದ್ದಾರೆ. ಆ ಮರದ ಕಂಬಗಳ ತಂಪಿನಲ್ಲಿ ಕೂತವರಿಗೆ ಈ ತಕರಾರು ನೆನಪಾಗುವುದಿಲ್ಲ ಎಂಬುದು ಬೇರೆ ಮಾತು.

ಆದರೆ 2011ರ ಜನಗಣತಿಯಲ್ಲೇ 3.22 ಲಕ್ಷ ಜನರಿದ್ದ ಈ ಊರಿನವರು ಸಂಜೆ ಎಲ್ಲಿಗೆ ಹೋಗುತ್ತಾರೆ? ಏನು ತಿನ್ನುತ್ತಾರೆ, ಯಾರ ಪಕ್ಕ ಕೂತು ತಿನ್ನುತ್ತಾರೆ? ಈ ಪ್ರಶ್ನೆಗಳನ್ನು ನಮ್ಮ ಸಂಸ್ಕೃತಿ ವಿಮರ್ಶೆ ಗಂಭೀರವಾಗಿ ಕೇಳಿಕೊಂಡಂತಿಲ್ಲ. ಸಾಹಿತ್ಯ, ಚಳವಳಿ, ಕೋಮುಗಲಭೆ ಇವುಗಳ ಬಗ್ಗೆ ರಾಶಿ ಬರೆದಿದ್ದೇವೆ. ಒಂದು ಸಮಾಜ ಬಿಡುವಿನ ಹೊತ್ತಿನಲ್ಲಿ ಹೇಗಿರುತ್ತದೆ ಎನ್ನುವುದನ್ನು ಹಗುರ ವಿಷಯವೆಂದು ಬದಿಗಿಟ್ಟಿದ್ದೇವೆ. ಊರು ಒಡೆಯುವುದು ಮೊದಲು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ನಮ್ಮ ಮನೆಗಳಲ್ಲಿ ಸಂಜೆ ಹೊರಗೆ ಸುತ್ತಾಡಲು ಹೋಗುವುದಕ್ಕೆ ‘ಹವಾಖೋರಿ’ ಎನ್ನುತ್ತಾರೆ. ಗಾಳಿ ತಿನ್ನುವುದು ಎಂದರ್ಥ. ಶಾಲೆಯ ಕನ್ನಡ ಪಾಠದಲ್ಲಿ ‘ವಾಯುಸೇವನೆ’ ಎಂಬ ಪದ ಮೊದಲು ಸಿಕ್ಕಾಗ ಖುಷಿಯಾಗಿತ್ತು. ಎರಡು ಭಾಷೆಗಳೂ ಗಾಳಿಯನ್ನು ಊಟದ ಸಾಲಿಗೆ ಸೇರಿಸಿವೆ, ಅದೂ ದುಡ್ಡು ಕೊಡದ ಊಟ. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಊರಿನವರು ಹೆಮ್ಮೆಯಿಂದ ಹೇಳುವ ಗಾದೆಯಲ್ಲೂ ಬಾಯಿಯದೇ ಕೆಲಸ. ಈಗ ಆ ನೀರನ್ನು ಬೊಗಸೆಯಲ್ಲಿ ಕುಡಿಯಲು ಯಾರಿಗೂ ಧೈರ್ಯವಿಲ್ಲ. ಊರಿನ ಚರಂಡಿ ನೀರು ಹೊಳೆ ಸೇರುವುದನ್ನು ತಡೆಯಬೇಕೆಂದು 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಪಾದಯಾತ್ರೆಯೇ ಹೊರಟಿತು.

ಶಿವಮೊಗ್ಗದ ಅತಿ ದೊಡ್ಡ ಮನರಂಜನೆ ಯಾವುದೆಂದು ಕೇಳಿದರೆ ನಾನು ಮಳೆಗಾಲದ ತುಂಗೆಯೆಂದೇ ಹೇಳುತ್ತೇನೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲೊಂದು ಕಲ್ಲಿನ ಮಂಟಪವಿದೆ. ಮಲೆನಾಡಿನಲ್ಲಿ ಮಳೆ ಹಿಡಿದು, ಗಾಜನೂರಿನಲ್ಲಿ ಗೇಟು ಎತ್ತಿದರೆ, ಊರಿನಲ್ಲಿ ಒಂದೇ ಮಾತು: ‘ಮಂಟಪ ಮುಳುಗ್ತಾ?’ ಕೊಡೆ ಹಿಡಿದವರು, ಜರ್ಕಿನ್ ತೊಟ್ಟವರು, ಬುರ್ಖಾದ ಹೆಂಗಸರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎಲ್ಲರೂ ಸೇತುವೆಗೆ ಬರುತ್ತಾರೆ. ಯಾರೋ ತೆಂಗಿನಕಾಯಿ ಎಸೆಯುತ್ತಾರೆ, ಬಾಗಿನ ಬಿಡುತ್ತಾರೆ, ಇನ್ನಾರೋ ‘ಯಾ ಅಲ್ಲಾ’ ಎಂದು ಹಿಂದೆ ಸರಿಯುತ್ತಾರೆ. ಸುಟ್ಟ ಜೋಳ, ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಮಾರುವವರಿಗೆ ಅಂದು ಪುರಸೊತ್ತಿಲ್ಲ. ಟಿಕೆಟಿಲ್ಲದ, ಕ್ಲಾಸಿಲ್ಲದ, ಗೇಟಿಲ್ಲದ ಪ್ರದರ್ಶನ ಇದು. ಇದರಲ್ಲೂ ಒಂದು ಕ್ರೌರ್ಯವಿದೆ ಎನ್ನುವುದನ್ನು ಮರೆಯಬಾರದು. 2019ರ ಆಗಸ್ಟಿನಲ್ಲಿ ದಂಡೆಯ ತಗ್ಗು ಬಡಾವಣೆಗಳಿಗೆ ಹೊಳೆ ನುಗ್ಗಿದಾಗ ಮೇಲಿನ ಬಡಾವಣೆಯವರಿಗೆ ಅದು ನೋಟ, ಕೆಳಗಿನವರಿಗೆ ತೊಯ್ದ ಅಕ್ಕಿಮೂಟೆ. ತಗ್ಗಿನಲ್ಲಿ ಯಾರು ಮನೆ ಕಟ್ಟಿಕೊಂಡಿರುತ್ತಾರೆ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ದಂಡೆಗೆ ಹೊಸ ರೂಪ ಬಂದಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ತುಂಗೆಯ ಉತ್ತರ ದಂಡೆಯಲ್ಲಿ ನಡೆದಾಡುವ ದಾರಿ, ಉದ್ಯಾನ, ದೀಪ ಎಲ್ಲ ಕಟ್ಟಿದರು. ಇದನ್ನು ಹೀಯಾಳಿಸುವುದು ಸುಲಭ. ಹೊಳೆಗೆ ಕಾಂಕ್ರೀಟಿನ ಅಂಗಿ ತೊಡಿಸಿದರು ಎಂದು ಬರೆದರೆ ಚಪ್ಪಾಳೆ ಬೀಳುತ್ತದೆ. ಆದರೆ ನಾವು ಹುಡುಗರು ಈಜು ಕಲಿತ ಹಳೆಯ ದಂಡೆಯಲ್ಲಿ ನಮ್ಮ ಅಕ್ಕತಂಗಿಯರು ಎಲ್ಲಿದ್ದರು? ಬಟ್ಟೆ ಒಗೆಯಲು ಬಂದಿದ್ದರೆ ಇದ್ದರು. ಸುಮ್ಮನೆ ಕೂರಲು ಬಂದ ಹೆಂಗಸೊಬ್ಬಳನ್ನೂ ನಾನು ಕಾಣಲಿಲ್ಲ. ಹೊಳೆದಂಡೆಯ ಮುಕ್ತತೆಯೆಂದು ನಾವು ಹಂಬಲಿಸುವುದು ಗಂಡಸರ ಮುಕ್ತತೆಯನ್ನು. ದೀಪ, ಬೆಂಚು, ಕಾವಲುಗಾರ ಇದ್ದರೆ ಹೆಂಗಸರು ಮಕ್ಕಳೊಂದಿಗೆ ನಿರಾಳವಾಗಿ ಬರುತ್ತಾರೆ. ನನ್ನ ತಕರಾರು ಬೇರೆ. ಇಂಥ ದಂಡೆಗಳನ್ನು ಕಟ್ಟುವವರು ನೋಡುವವನನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅಗಸ, ಬುಟ್ಟಿ ದೋಣಿಯ ಮೀನುಗಾರ, ಎಮ್ಮೆ ತೊಳೆಯುವ ಮುದುಕ ಇವರೆಲ್ಲ ನಕ್ಷೆಯಲ್ಲಿ ಎಲ್ಲಿ ಬರುತ್ತಾರೆ?

ಟಾಕೀಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ಊರಿನ ಕತೆಯೇ ಇಲ್ಲಿಯದೂ. ಆದರೆ ಒಂದು ಸಂಗತಿ ದಾಖಲಾಗಬೇಕು. 1995ರಲ್ಲಿ ‘ಓಂ’ ಬಂತು, ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯೂ ಬಂತು. ಮನೆಯ ಹುಡುಗರು ಮೊದಲನೆಯದಕ್ಕೆ ಓಡಿದರು, ಚಿಕ್ಕಮ್ಮಂದಿರು ಎರಡನೆಯದಕ್ಕೆ ಬುರ್ಖಾ ತೊಟ್ಟು ಹೊರಟರು. ಹೆಂಗಸರ ಪ್ರತ್ಯೇಕ ಸಾಲು, ಮಧ್ಯಾಹ್ನದ ಆಟ, ಇಂಟರ್ವಲ್ಲಿನಲ್ಲಿ ಚೀಲದಿಂದ ಹೊರಬರುವ ಮನೆಯ ಸಮೋಸ. ಪಕ್ಕದ ಸೀಟಿನ ಅಪರಿಚಿತಳಿಗೂ ಒಂದು ಕೊಡದೆ ತಿನ್ನುವುದು ಅವರ ರಿವಾಜಿನಲ್ಲಿರಲಿಲ್ಲ. ಮಾಲಿನ ಪರದೆಯ ಮುಂದೆ ಎಲ್ಲ ಕುರ್ಚಿಯೂ ಮೆತ್ತಗಿವೆ, ಗಾಂಧಿಕ್ಲಾಸಿನ ಅವಮಾನವಿಲ್ಲ. ಮನೆಯ ತಿಂಡಿಗೆ ಮಾತ್ರ ಬಾಗಿಲಲ್ಲೇ ತಡೆ. ಸಮಾನತೆ ಬಂತು, ಹಂಚಿ ತಿನ್ನುವುದು ಹೋಯಿತು, ಟಿಕೆಟಿನ ದರ ಬಡವರನ್ನು ಮನೆಯಲ್ಲೇ ಉಳಿಸಿತು.

ಈ ಊರಿಗೆ ಭಾಷಣ ಕೇಳುವುದೂ ಒಂದು ಸಂಜೆಯ ವಿನೋದ. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ಸಭಾಂಗಣ, ಕುವೆಂಪು ರಂಗಮಂದಿರದ ನಾಟಕ ಇವು ಅಂಥ ಜಾಗಗಳು. ಸಂಘ ಕೊಡುವ ವಾರ್ಷಿಕ ಪುಸ್ತಕ ಬಹುಮಾನಗಳಲ್ಲಿ ಪಿ. ಲಂಕೇಶರ ಹೆಸರಿನದು ಮುಸ್ಲಿಂ ಬರಹಗಾರರಿಗೆಂದೇ ಮೀಸಲು. ಇದೇ ಸೀಮೆಯ ಕೊನಗವಳ್ಳಿಯ ಲಂಕೇಶರು ಮುಸ್ಲಿಂ ಬರಹಗಾರರನ್ನು ಕರೆದು ಬರೆಸಿದವರು. ಅವರ ಹೆಸರಿಡುವುದರಲ್ಲಿ ಅರ್ಥವಿದೆ, ಪ್ರೀತಿಯೂ ಇದೆ. ಆದರೂ ಕತೆಗಾರನಾಗಿ ನನಗೊಂದು ಸಣ್ಣ ಕಸಿವಿಸಿ. ಪ್ರೀತಿಯಿಂದ ಹಾಕಿದ ಬೇರೆ ಎಲೆಯೂ ಬೇರೆ ಎಲೆಯೇ. ಸಭೆಯಲ್ಲಿ ಕೂರುವ ಮುಸ್ಲಿಂ ಕೇಳುಗರ ಸಂಖ್ಯೆ ಬಹುಮಾನಗಳಿಂದ ಹೆಚ್ಚಿಲ್ಲ. ಅದಕ್ಕೆ ಸಂಘದವರನ್ನು ದೂರಿ ಪ್ರಯೋಜನವಿಲ್ಲ, ನಾವೇ ಮಗ್ರಿಬ್ ಆದ ಮೇಲೆ ನಮ್ಮ ಮೊಹಲ್ಲಾ ಬಿಟ್ಟು ಹೊರಡುವುದನ್ನು ಕಡಿಮೆ ಮಾಡಿದ್ದೇವೆ.

ಎಲೆಯ ಮಾತು ಬಂದಿದ್ದರಿಂದ ಊಟದ ಕಡೆ ಬರೋಣ. ಮೀನಾಕ್ಷಿ ಭವನದಂಥ ಹಳೆಯ ಹೋಟೆಲಿನಲ್ಲಿ ಬೆಳಿಗ್ಗೆ ಎಲ್ಲ ಜಾತಿಯವರೂ ಒಂದೇ ಮೇಜಿಗೆ ಮೊಣಕೈ ಊರುತ್ತಾರೆ. ಸಸ್ಯಾಹಾರದ ಹೋಟೆಲಿಗೆ ಮುಸ್ಲಿಮರು ಹೋಗುವುದು ಸುದ್ದಿಯೇ ಅಲ್ಲ. ಆಚೆಯವರು ನಮ್ಮ ಕಡೆ ಬರುವುದು ಬಿರಿಯಾನಿಗೆ ಮತ್ತು ರಂಜಾನಿನ ಸಂಜೆಯ ಕಬಾಬ್, ಸಮೋಸಕ್ಕೆ. ಬರುವವರು ಬಹುತೇಕ ಹುಡುಗರು, ಗೆಳೆಯರ ಜೊತೆ, ಮನೆಯಲ್ಲಿ ಹೇಳದೆ. ಸಂಸಾರ ಸಮೇತ ಬಂದು ಕೂತು ಉಣ್ಣುವವರು ಕಡಿಮೆ. ಬಿರಿಯಾನಿಯನ್ನು ಸೌಹಾರ್ದದ ಸಂಕೇತವೆಂದು ವೇದಿಕೆಗಳಲ್ಲಿ ಹೇಳುವ ಗೆಳೆಯರಿಗೆ ಇದನ್ನು ನೆನಪಿಸಬೇಕಾಗುತ್ತದೆ. ಪಾರ್ಸೆಲ್ಲಿನಲ್ಲಿ ಹೋಗುವ ಸೌಹಾರ್ದ ಬೇಗ ಆರುತ್ತದೆ. 2022ರ ಯುಗಾದಿಯ ಹೊಸತೊಡಕಿಗೆ ರಾಜ್ಯದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸುವ ಕರೆ ಎದ್ದಾಗ ಇದು ಗೊತ್ತಾಯಿತು. ಇನ್ನು ನಮ್ಮ ಮನೆಗಳ ಅಡುಗೆಯಲ್ಲಿ ಕಳಲೆ, ಏಡಿ, ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ ಎಲ್ಲ ಇವೆ. ಆದರೆ ‘ಮುಸ್ಲಿಂ ಹೋಟೆಲ್’ ಬೋರ್ಡಿನ ಕೆಳಗೆ ಇವು ಯಾವುವೂ ಸಿಗುವುದಿಲ್ಲ. ನಾವೂ ನಮ್ಮನ್ನು ಬಿರಿಯಾನಿಗೆ ಇಳಿಸಿಕೊಂಡಿದ್ದೇವೆ.

2022 ಈ ಊರಿನ ಬಿಡುವಿನ ಚರಿತ್ರೆಯಲ್ಲಿ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಯುವಕನೊಬ್ಬನ ಕೊಲೆ, ಅದರ ಬೆನ್ನಿಗೆ ಗಲಭೆ, ಕರ್ಫ್ಯೂ. ಆಗಸ್ಟ್ 15ರಂದು ಅಮೀರ್ ಅಹ್ಮದ್ ಸರ್ಕಲ್ಲಿನಲ್ಲಿ ಫ್ಲೆಕ್ಸಿನ ವಿವಾದ, ಚಾಕು ಇರಿತ, ಮತ್ತೆ ನಿಷೇಧಾಜ್ಞೆ. ಮರುವರ್ಷ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ಹೊತ್ತಿನ ಕಲ್ಲುತೂರಾಟ. ನಿಷೇಧಾಜ್ಞೆಯನ್ನು ನಾವು ಕಾನೂನಿನ ಭಾಷೆಯಲ್ಲಿ ಓದುತ್ತೇವೆ. ಪಾನಿಪುರಿ ಗಾಡಿಯವನಿಗೆ, ಐಸ್‌ಕ್ರೀಮಿನವನಿಗೆ, ಸೆಕೆಂಡ್ ಶೋ ಬಿಟ್ಟ ಮೇಲೆ ಚಹಾ ಕಾಸುವವನಿಗೆ ಅದು ದಿನದ ದುಡಿಮೆ. ಅಂಗಡಿಗಳು ಮತ್ತೆ ತೆರೆಯುತ್ತವೆ. ಆದರೆ ‘ಕತ್ತಲಾಗುವ ಮುಂಚೆ ಬಾ’ ಎಂಬ ತಾಯಂದಿರ ಆಜ್ಞೆಯನ್ನು ಯಾವ ಜಿಲ್ಲಾಧಿಕಾರಿಯೂ ಹಿಂತೆಗೆಯಲಾರರು.

ಎರಡು ಕೊಲೆಗಡುಕ ಘಟನೆಗಳ ನಡುವೆ, ಅದೇ ಮಾರ್ಚಿನಲ್ಲಿ, ರಕ್ತವಿಲ್ಲದೆ ನಡೆದುಹೋದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಒತ್ತಾಯ ಬಂತು, ಅವರು ಹೊರಗುಳಿಯಬೇಕಾಯಿತು. ಆಮೇಲೆ ಇದು ರಾಜ್ಯದ ಬೇರೆ ಜಾತ್ರೆಗಳಿಗೂ ಹಬ್ಬಿತು. ಇದನ್ನು ವ್ಯಾಪಾರದ ನಷ್ಟವೆಂದಷ್ಟೇ ನೋಡಿದರೆ ಸಾಲದು. ಬಳೆ, ಆಟಿಕೆ, ಬೆಂಡು-ಬತ್ತಾಸು ಇವುಗಳ ಮುಂದೆ ಚೌಕಾಸಿ ಮಾಡುವಾಗ ಜನ ಪರಸ್ಪರ ಮುಟ್ಟುತ್ತಾರೆ. ಬಳೆಗಾರ ಸಾಬಿ ಹೆಂಗಸಿನ ಕೈ ಹಿಡಿದು ಬಳೆ ತೊಡಿಸುತ್ತಾನೆ. ಗಂಡ ಪಕ್ಕದಲ್ಲೇ ನಿಂತಿರುತ್ತಾನೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಅಂಥ ಸಲಿಗೆಯನ್ನು ಯಾವ ಸೌಹಾರ್ದ ಸಮಾವೇಶ ತಯಾರಿಸಬಲ್ಲದು?

ಈ ಕಾರಣಕ್ಕೇ ಹಣಗೆರೆಕಟ್ಟೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ನಡುವೆ ಹಜರತ್ ಸೈಯದ್ ಸಾದತರ ದರ್ಗಾ, ಭೂತರಾಯ ಮತ್ತು ಚೌಡಮ್ಮ ಒಟ್ಟಿಗಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಜನ ಕಿಕ್ಕಿರಿಯುತ್ತಾರೆ. ಹರಕೆಯ ಕುರಿ-ಕೋಳಿ ಕೊಯ್ದು, ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ. ಸಂಶೋಧಕರು ಇದನ್ನು ಬೆರಕೆ ಧರ್ಮವೆಂದು ವಿವರಿಸುತ್ತಾರೆ. ಸರಿಯೇ. ಆದರೆ ಅಲ್ಲಿಗೆ ಹೋಗುವವರ ಮುಖ ನೋಡಿದರೆ ಭಕ್ತಿಯಷ್ಟೇ ಪಿಕ್‌ನಿಕ್ಕಿನ ಸಂಭ್ರಮವೂ ಕಾಣುತ್ತದೆ. ಟೆಂಪೋದಲ್ಲಿ ಪಾತ್ರೆ, ಸೌದೆ, ಅಜ್ಜಿ, ಮೊಮ್ಮಕ್ಕಳು. ಒಂದು ಒಲೆಯವರು ಮಸಾಲೆ ಮರೆತು ಬಂದಿದ್ದರೆ ಪಕ್ಕದ ಒಲೆಗೆ ಕೈಯೊಡ್ಡುತ್ತಾರೆ. ಮುದ್ದೆಯ ಸಾರಿನ ಮಗ್ಗುಲಲ್ಲೇ ದಾಲ್ಚಾ ಕುದಿಯುತ್ತದೆ. ಹರಕೆಯ ನೆಪವಿಲ್ಲದಿದ್ದರೆ ಆ ಹೆಂಗಸರಲ್ಲಿ ಎಷ್ಟೋ ಮಂದಿಗೆ ವರ್ಷಕ್ಕೊಂದು ದಿನವೂ ಮನೆಯಾಚೆ ಕೂತು ಉಣ್ಣುವ ಅವಕಾಶವಿಲ್ಲ. ಕೈಪಿಡಿಗಳಲ್ಲಿ ಇದು ‘ಧಾರ್ಮಿಕ ಕ್ಷೇತ್ರ’ಗಳ ಪುಟದಲ್ಲಿದೆ.

ನಮ್ಮೊಳಗಿನವರ ಪಾತ್ರವನ್ನೂ ಹೇಳದೆ ಬಿಟ್ಟರೆ ನ್ಯಾಯವಾಗದು. ದರ್ಗಾಕ್ಕೆ ಹೋಗುವುದು ಶಿರ್ಕ್, ಸಿನಿಮಾ ಹರಾಮು, ಜಾತ್ರೆ ಅವರದು, ಪಾರ್ಕಿನಲ್ಲಿ ಹೆಂಗಸರು ಕೂರುವುದು ಬೇಹಯಾಯಿ. ಕಳೆದ ಮೂವತ್ತು ವರ್ಷಗಳಲ್ಲಿ ಜುಮ್ಮಾ ಬಯಾನುಗಳಲ್ಲಿ ‘ಲಹೋ ಲಅಬ್’ ಎಂಬ ಪದ ಎಷ್ಟು ಸಲ ಬಂದಿದೆಯೆಂದರೆ ನಗುವುದಕ್ಕೂ ಫತ್ವಾ ಕೇಳಬೇಕೇನೋ ಎಂಬಂತಾಗಿದೆ. ಆಚೆಯವರು ಜಾತ್ರೆಯಿಂದ ನಮ್ಮನ್ನು ಹೊರಗಿಡುವ ಮುಂಚೆಯೇ ಈಚೆಯವರು ನಮ್ಮ ಹೆಂಗಸರನ್ನು ಜಾತ್ರೆಯಿಂದ ಬಿಡಿಸಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಕೆಲಸ ಹಗುರ ಮಾಡಿಕೊಟ್ಟರು. ಇದೇ ಉಪದೇಶ ಕೊಡುವವರು ಲಷ್ಕರ್ ಮೊಹಲ್ಲಾದ ಚಹಾದಂಗಡಿಯಲ್ಲಿ ಇಶಾ ಆದ ಮೇಲೂ ಎರಡು ತಾಸು ಕೂರುವುದು ಯಾವ ಲೆಕ್ಕಕ್ಕೆ ಸೇರುತ್ತದೋ!

ಇದ್ದುದರಲ್ಲಿ ಸಮಾಧಾನ ಕೊಡುವುದು ಸಕ್ರೆಬೈಲು. ಅಲ್ಲಿನ ಮಾವುತರಲ್ಲಿ ಮುಸ್ಲಿಮರೂ ಇದ್ದಾರೆ, ಆನೆಗೆ ಕೊಡುವ ಆಜ್ಞೆಗಳಲ್ಲಿ ಹಿಂದೂಸ್ತಾನಿ ಬೆರೆತಿದೆ. ‘ಬೈಠ್’ ಎಂದರೆ ಗಣೇಶನ ಹೆಸರಿನ ಆನೆಯೂ ಕೂರುತ್ತದೆ. ಬೆಳಿಗ್ಗೆ ಹಿನ್ನೀರಿನಲ್ಲಿ ಅದರ ಮೈ ಉಜ್ಜುವಾಗ ಪ್ರವಾಸಿಗಳ ಮಕ್ಕಳು ಕಿರುಚುತ್ತಾರೆ.

ಊರೊಳಗೆ ದೊಡ್ಡ ಬಯಲೊಂದು ಉಳಿದಿದೆ. ಸೋಗಾನೆಗೆ ಜೈಲು ಹೋದ ಮೇಲೆ ಹಳೆಯ ಜೈಲಿನ ಆವರಣ ಫ್ರೀಡಂ ಪಾರ್ಕ್ ಆಯಿತು, 2024ರಲ್ಲಿ ಅಲ್ಲಮಪ್ರಭುವಿನ ಹೆಸರು ಬಂತು. ಬಳ್ಳಿಗಾವಿಯ ಅಲ್ಲಮ ಗೋಡೆಗಳಿಗೆ ಒಲಿದವನಲ್ಲ, ಹೆಸರು ಚೆನ್ನಾಗಿದೆ. ಅಲ್ಲಿ ಮುಂದಿನ ವಸ್ತುಪ್ರದರ್ಶನಕ್ಕೆ ತೊಟ್ಟಿಲು ನಿಲ್ಲಿಸುವವರು, ಹಪ್ಪಳ ಕರಿಯುವವರು ಯಾರ್ಯಾರು ಎಂಬ ಪಟ್ಟಿಯನ್ನು ಯಾರು ತಯಾರಿಸುತ್ತಾರೆ, ಹೆಂಗಸರಿಗೆ ಶೌಚಾಲಯ ಎಷ್ಟಿವೆ, ರಾತ್ರಿ ಒಂಬತ್ತಕ್ಕೆ ಟಿಪ್ಪುನಗರದ ಕಡೆಗೂ ವಿನೋಬನಗರದ ಕಡೆಗೂ ಸಿಟಿ ಬಸ್ಸು ಇದೆಯೇ ಎಂದು ಪಾಲಿಕೆಯನ್ನು ಕೇಳುವುದು ಸಾಹಿತಿಗಳ ಕೆಲಸವೂ ಹೌದು.