ಮಗ್ಗದ ಮನೆಯ ಗೋಡೆಗೆ ಟಿವಿ

ಟಿವಿ ಕೊಳ್ಳುವಾಗ ಬನಹಟ್ಟಿಯವರು ಅವಸರ ಮಾಡುವವರಲ್ಲ. ಊರಿನ ನಾಲ್ಕು ಅಂಗಡಿ ತಿರುಗಿ, ಜಮಖಂಡಿಯಲ್ಲೊಮ್ಮೆ, ಮಹಾಲಿಂಗಪುರದಲ್ಲೊಮ್ಮೆ ದರ ಕೇಳಿ ಬರುತ್ತಾರೆ. ಎಷ್ಟು ಇಂಚು, ಯಾವ ಕಂಪನಿ, ವಾರಂಟಿ ಎಷ್ಟು ವರ್ಷ, ಕಂತಿಗೆ ಬಡ್ಡಿ ಎಷ್ಟು ಎಂದೆಲ್ಲ ಚೌಕಾಶಿ ನಡೆಯುತ್ತದೆ. ಇಷ್ಟು ಆದಮೇಲೆ ಅಂಗಡಿಯವರು ‘ಗ್ವಾಡಿ ಸ್ಟ್ಯಾಂಡ್ ಫ್ರೀ ಕೊಡ್ತೇವ್ರಿ’ ಅಂದರೆ ಎಲ್ಲರಿಗೂ ಖುಷಿ. ಆ ಸ್ಟ್ಯಾಂಡ್ ಎಂಥದ್ದು ಎಂದು ತಿರುಗಿಸಿ ನೋಡುವವರು ಕಡಿಮೆ. ಮೂವತ್ತು ಸಾವಿರದ ವಸ್ತು ಮುನ್ನೂರು ರೂಪಾಯಿಯ ತಗಡಿಗೆ ಜೋತು ಬೀಳುವುದು ಹೀಗೆ.

ತಿರುಗಿಸಿ ನೋಡುವವರೂ ಸಾಮಾನ್ಯವಾಗಿ ನೋಡುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ತೂಕವನ್ನು. ‘50 ಕೆಜಿ ತಡೀತೈತ್ರಿ’ ಎಂಬ ಮಾತಿಗೆ ಆ ಅಕ್ಷರಗಳೇ ಸಾಕ್ಷಿ. ನನ್ನ ಮಟ್ಟಿಗೆ ಆ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಮೊದಲನೆಯದಾಗಿ, ಇಂದಿನ ಎಲ್‌ಇಡಿ ಟಿವಿಗಳು ಅಷ್ಟು ಭಾರವೇ ಇಲ್ಲ. 32 ಇಂಚಿನದು ನಾಲ್ಕೈದು ಕೆಜಿ, 43 ಇಂಚಿನದು ಏಳೆಂಟು ಕೆಜಿ ತೂಗುತ್ತದೆ. ಎರಡನೆಯದಾಗಿ, ಆ ಅಂಕಿ ಹೇಳುವುದು ತಗಡಿನ ಬಲವನ್ನು ಮಾತ್ರ. ಅದು ಕೂರುವ ಗೋಡೆ ಯಾವುದು, ಮೊಳೆ ಯಾವುದು, ಟಿವಿ ಗೋಡೆಯಿಂದ ಎಷ್ಟು ದೂರ ಚಾಚಿಕೊಂಡಿದೆ ಎಂಬುದು ಡಬ್ಬಿ ತಯಾರಿಸಿದವನಿಗೆ ಗೊತ್ತಿರುವುದಿಲ್ಲ.

ಚಾಚುವಿಕೆಯ ಲೆಕ್ಕ ಒಮ್ಮೆ ಮಾಡಿ ನೋಡಬೇಕು. 8 ಕೆಜಿಯ ಟಿವಿಯನ್ನು ಮಡಚುವ ಕೈಯಿರುವ ಬ್ರ್ಯಾಕೆಟ್‌ಗೆ ಹಾಕಿ ಗೋಡೆಯಿಂದ 45 ಸೆಂ.ಮೀ. ಮುಂದಕ್ಕೆ ಎಳೆದಿದ್ದೀರಿ ಎನ್ನಿ. ಗೋಡೆಯ ಪಟ್ಟಿಯ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ 15 ಸೆಂ.ಮೀ. ಅಂತರವಿದ್ದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಗೆ ಕೀಳುವ ಎಳೆತವೇ 24 ಕೆಜಿ ಆಗುತ್ತದೆ. ಬ್ರ್ಯಾಕೆಟ್‌ನ ಸ್ವಂತ ಭಾರ ಬೇರೆ. ಅದೇ ಟಿವಿ ಗೋಡೆಗೆ ಒತ್ತಿ 5 ಸೆಂ.ಮೀ. ದೂರದಲ್ಲಿದ್ದರೆ ಆ ಎಳೆತ 3 ಕೆಜಿಯೂ ಇಲ್ಲ. ಟಿವಿ ಒಂದೇ, ಬೋಲ್ಟೂ ಅವೇ, ಹೊರೆ ಮಾತ್ರ ಒಂಬತ್ತು ಪಟ್ಟು.

ಈ ಲೆಕ್ಕ ಎಲ್ಲ ಊರಿಗೂ ಒಂದೇ. ಬನಹಟ್ಟಿಯಲ್ಲಿ ಇದಕ್ಕೆ ಮಗ್ಗವನ್ನೂ ಕೂಡಿಸಬೇಕು.

ರಬಕವಿ-ಬನಹಟ್ಟಿ ನೇಕಾರರ ಅವಳಿ ಊರು. ವಿದ್ಯುತ್ ಮಗ್ಗ ಬಹಳಷ್ಟು ಮಂದಿಗೆ ದೂರದ ಕಾರ್ಖಾನೆಯಲ್ಲಿಲ್ಲ, ಮನೆಯೊಳಗೇ ಇದೆ, ಇಲ್ಲವೇ ಮನೆಗೆ ಹೊಂದಿದ ಶೆಡ್ಡಿನಲ್ಲಿದೆ. ಮಗ್ಗದ ಖೋಲಿಗೂ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ. ಲಾಳಿ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ಅತ್ತಿತ್ತ ಹಾಯುತ್ತದೆ, ಪ್ರತಿ ಸಲವೂ ಹಣಿಗೆ ಬಡಿಯುತ್ತದೆ. ಆ ಬಡಿತ ನೆಲಕ್ಕಿಳಿದು ಗೋಡೆಗೇರುತ್ತದೆ. ಊರಿನವರ ಕಿವಿಗೆ ಅದು ಒಗ್ಗಿಹೋಗಿದೆ, ನಟ್ಟು-ಬೋಲ್ಟಿಗೆ ಒಗ್ಗುವುದಿಲ್ಲ. ಬಿಗಿ ಮಾಡಿದ ತಿರುಪು ನಡುಕಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಗ್ಗದ ಬೋಲ್ಟಿಗೆ ಸ್ಪ್ರಿಂಗ್ ವಾಶರ್ ಹಾಕಿ, ನಟ್ಟಿನ ಮೇಲೊಂದು ಚೆಕ್‌ನಟ್ ಕೂರಿಸಿ, ಪಾನಾ ಹಿಡಿದು ಆಗಾಗ ತಿರುವಿ ನೋಡುವುದು ಅವರ ದಿನದ ಕೆಲಸ. ನನಗೆ ಸೋಜಿಗವೆಂದರೆ, ಅದೇ ಕೈ ಪಡಸಾಲೆಯ ಟಿವಿ ಬ್ರ್ಯಾಕೆಟ್‌ಗೆ ಒಂದು ವಾಶರನ್ನೂ ಹಾಕುವುದಿಲ್ಲ. ಅದು ‘ಕಂಪನಿ ಮಾಲು’, ಅಂಗಡಿ ಹುಡುಗ ಬಂದು ಕೂರಿಸಿದ್ದು ಎಂಬ ನಂಬಿಕೆ.

ಆದ್ದರಿಂದ ಇಲ್ಲಿ ಬ್ರ್ಯಾಕೆಟ್‌ನ ಗುಣವನ್ನು ತಗಡಿನ ದಪ್ಪದಲ್ಲಿ ಅಳೆಯುವ ಮೊದಲು ಸಡಿಲಾಗುವ ಜಾಗಗಳಲ್ಲಿ ಅಳೆಯಬೇಕು. ಎಷ್ಟು ಕೀಲು, ಎಷ್ಟು ತಿರುಪು, ಅವಕ್ಕೆ ತಡೆ ಇದೆಯೇ? ಕೈ ಮಡಚುವ, ಎಡಬಲಕ್ಕೆ ಹೊರಳುವ ಬ್ರ್ಯಾಕೆಟ್‌ನಲ್ಲಿ ಮೂರು ನಾಲ್ಕು ಕೀಲುಗಳು. ಅಂಗಡಿಯಲ್ಲಿ ಎಳೆದು ಮಡಚಿ ತೋರಿಸಿದಾಗ ಬಲು ಚೆಂದ, ಬೆಲೆಯೂ ಹೆಚ್ಚು. ಮಗ್ಗದ ಮನೆಯಲ್ಲಿ ಮಾತ್ರ ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಚಾಚಿದ ಕೈ ಗೋಡೆಯ ಸಣ್ಣ ನಡುಕವನ್ನೂ ಹಿಗ್ಗಿಸಿ ಪರದೆಯ ತುದಿಗೆ ಒಯ್ಯುತ್ತದೆ. ಹತ್ತಡಿಯ ಪಡಸಾಲೆಯಲ್ಲಿ ಟಿವಿಯನ್ನು ಯಾವ ದಿಕ್ಕಿಗೆ ತಿರುಗಿಸಬೇಕಾಗಿದೆ ಎಂಬುದೂ ನನಗೆ ಅರ್ಥವಾಗಿಲ್ಲ.

ಹಾಗಾದರೆ ಅಲುಗಾಡದ, ಗೋಡೆಗೆ ಒತ್ತಿ ಕೂರುವ ಫಿಕ್ಸ್ಡ್ ಬ್ರ್ಯಾಕೆಟ್ಟೇ ಸರಿಯೇ? ಬಲದ ದೃಷ್ಟಿಯಿಂದ ಹೌದು. ಆದರೆ ನಾವು ಟಿವಿ ನೋಡುವ ರೀತಿ ಅದಕ್ಕೆ ಒಪ್ಪುವುದಿಲ್ಲ. ಚಾಪೆ ಹಾಸಿ ಕೂತವರ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಟಿವಿ ತೂಗುವುದು ಐದಾರು ಅಡಿ ಮೇಲೆ, ದೇವರ ಫೋಟೋಗಳ ಸಾಲಿಗೆ. ಮಕ್ಕಳ ಕೈಗೆ ಸಿಗಬಾರದು, ಸೀರೆಯ ಗಂಟುಗಳು ತಾಗಬಾರದು ಎಂಬುದು ಕಾರಣ. ಕಾರಣ ಸರಿ, ಕತ್ತಿಗೆ ಮಾತ್ರ ಶಿಕ್ಷೆ. ಅಷ್ಟು ಎತ್ತರಕ್ಕೆ ಕೂರಿಸಲೇಬೇಕಾದರೆ ಮುಂದಕ್ಕೆ ಸ್ವಲ್ಪ ಬಾಗುವ ಟಿಲ್ಟ್ ಬ್ರ್ಯಾಕೆಟ್ ಬೇಕು. ಅದರ ಎರಡೂ ಬದಿಯ ಬಾಗುತಿರುಪು ಪ್ಲಾಸ್ಟಿಕ್ ಹಿಡಿಯದ್ದಲ್ಲ, ಪಾನಾದಿಂದ ಬಿಗಿಯುವ ನಟ್ಟಿನದಾಗಿರಬೇಕು. ಪ್ಲಾಸ್ಟಿಕ್ ಹಿಡಿ ನಡುಕಕ್ಕೆ ಸಡಿಲಾಗಿ ಟಿವಿ ದಿನದಿನಕ್ಕೆ ತಲೆ ತಗ್ಗಿಸುತ್ತ ಹೋಗುತ್ತದೆ. ಇನ್ನೊಂದು ಸಂಗತಿ ಕೆಳಗಿನ ಲಾಕ್ ತಿರುಪು. ಟಿವಿಯ ಬೆನ್ನಿನ ಕೊಕ್ಕೆಗಳು ಗೋಡೆಪಟ್ಟಿಯ ಮೇಲೆ ಬರೀ ಕೂತಿರುತ್ತವೆ. ಮೇಲಕ್ಕೆ ನೆಗೆಯದಂತೆ ಹಿಡಿಯುವುದು ಆ ಲಾಕ್ ಒಂದೇ. ಅಗ್ಗದ ಮಾಲಿನಲ್ಲಿ ಅದೇ ಇರುವುದಿಲ್ಲ. ಲಾಕ್ ಇಲ್ಲದ್ದನ್ನು ಬಿಟ್ಟಿ ಕೊಟ್ಟರೂ ನಾನು ಒಯ್ಯಲಾರೆ.

ಟಿವಿಯ ಬೆನ್ನಿನ ರಂಧ್ರಗಳಿಗೆ ಬ್ರ್ಯಾಕೆಟ್ ಹೊಂದುತ್ತದೆಯೇ ಎಂಬ ಚಿಂತೆ ಈಗ ಅಷ್ಟಿಲ್ಲ. 1989ರಲ್ಲಿ ಹುಟ್ಟಿದ ವೆಸಾ ಎಂಬ ಸಂಘ ಆ ಅಳತೆಗಳನ್ನು ಗೊತ್ತುಪಡಿಸಿದೆ. ಚಿಕ್ಕದಕ್ಕೆ 100 ಮಿ.ಮೀ. ಚೌಕ, 4 ಮಿ.ಮೀ. ತಿರುಪು, ದೊಡ್ಡದಕ್ಕೆ 200 ಮಿ.ಮೀ. ಚೌಕ ಅಥವಾ ಮೇಲೆ, 6 ಇಲ್ಲವೇ 8 ಮಿ.ಮೀ. ತಿರುಪು. ಉದ್ದ ಮಾತ್ರ ನೋಡಿಕೊಳ್ಳಬೇಕು. ಗಿಡ್ಡ ತಿರುಪು ಎರಡು ಸುತ್ತು ಹಿಡಿದು ಸುಮ್ಮನಾಗುತ್ತದೆ, ಉದ್ದದ್ದನ್ನು ಜೋರಿನಿಂದ ತಿರುವಿದರೆ ಒಳಗಿನ ಪ್ಯಾನೆಲ್ಲಿಗೇ ಚುಚ್ಚುತ್ತದೆ.

ಇನ್ನು ಗೋಡೆ. ಬನಹಟ್ಟಿಯ ಹಳೆಯ ಓಣಿಗಳಲ್ಲಿ ಕಲ್ಲು-ಮಣ್ಣಿನ ಗೋಡೆಗಳು, ಒಂದೂವರೆ ಎರಡಡಿ ದಪ್ಪ, ಮೇಲೆ ಸಿಮೆಂಟಿನ ಗಿಲಾವು. ಗಿಲಾವು ನೋಡಿದರೆ ಒಳಗೆ ಏನಿದೆ ಎಂಬುದು ತಿಳಿಯದು. ಅಂಗಡಿ ಹುಡುಗನ ಡ್ರಿಲ್ ಕಲ್ಲಿಗೆ ತಾಗಿದರೆ ಪುಣ್ಯ, ಸಂದಿಗೆ ಬಿದ್ದರೆ ಬರೀ ಮಣ್ಣು. ಅಲ್ಲಿ ಪ್ಲಾಸ್ಟಿಕ್ ಗಿಟ್ಟಿ ಎಷ್ಟು ಬಿಗಿದರೂ ಸುತ್ತಲೇ ತಿರುಗುತ್ತಿರುತ್ತದೆ. ನಮ್ಮ ಹಿರಿಯರು ಈ ತೊಡಕನ್ನು ಮೊದಲೇ ಬಿಡಿಸಿದ್ದರು: ಗೋಡೆ ಕಟ್ಟುವಾಗಲೇ ಕಲ್ಲುಗಳ ನಡುವೆ ಕಟ್ಟಿಗೆಯ ಗೂಟ ಇಟ್ಟು ಕಟ್ಟುತ್ತಿದ್ದರು. ಲಂಡನ್ನಿನ ಕೆಲಸಗಾರರದೂ ಇದೇ ಪದ್ಧತಿಯಾಗಿತ್ತು, ಗೋಡೆ ಕೊರೆದು ಕಟ್ಟಿಗೆ ತುರುಕಿ ಅದಕ್ಕೆ ಮೊಳೆ ಹೊಡೆಯುವುದು. 1911ರ ಹೊತ್ತಿಗೆ ಜಾನ್ ಜೋಸೆಫ್ ರಾಲಿಂಗ್ಸ್ ಎಂಬವರು ಬ್ರಿಟಿಷ್ ಮ್ಯೂಸಿಯಂನ ಗೋಡೆಗಳು ಹಾಳಾಗದಂತೆ ವಿದ್ಯುತ್ ಸಾಮಾನು ಕೂರಿಸಲು ನಾರಿನ ಸಣ್ಣ ಗಿಟ್ಟಿಯೊಂದನ್ನು ರೂಪಿಸಿದರು. ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ಅದನ್ನು ನೈಲಾನಿಗೆ ತಂದರು. ಎರಡೂ ನಂಬಿರುವುದು ಸುತ್ತಲಿನ ಗೋಡೆ ಗಟ್ಟಿಯಿದೆ ಎಂಬುದನ್ನು; ಗಿಟ್ಟಿ ಹಿಗ್ಗಿ ಒತ್ತಿದಾಗ ಗೋಡೆ ತಿರುಗಿ ಒತ್ತಬೇಕು. ಮಣ್ಣು ಒತ್ತುವುದಿಲ್ಲ, ಉದುರುತ್ತದೆ. ಉಕ್ಕಿನ ಆಂಕರ್ ಬೋಲ್ಟ್ ಹಾಕಿದರಂತೂ ಕಲ್ಲುಗಳನ್ನೇ ಅಗಲಿಸುತ್ತದೆ.

ಇಂಥ ಗೋಡೆಗೆ ನನ್ನ ಆಯ್ಕೆ ಹಳೆಯದು. ಮೂರಡಿ ಅಗಲದ ಗಟ್ಟಿ ಹಲಗೆಯನ್ನು, ಅಥವಾ 18 ಮಿ.ಮೀ. ಪ್ಲೈವುಡ್ಡನ್ನು, ಆರೆಂಟು ಕಡೆ ಕಲ್ಲನ್ನೇ ಹುಡುಕಿ ಬಿಗಿಯಬೇಕು, ಬ್ರ್ಯಾಕೆಟ್ ಕೂರಬೇಕಾದದ್ದು ಹಲಗೆಗೆ. ಹಲಗೆಗೆ ಬೋಲ್ಟನ್ನು ಹಿಂದಿನಿಂದ ತೂರಿಸಿ ಮುಂದೆ ವಾಶರ್, ಚೆಕ್‌ನಟ್ ಹಾಕಬಹುದು. ಗಿಟ್ಟಿಯಲ್ಲಿ ಆ ಅನುಕೂಲವಿಲ್ಲ. ಅಂದ ಕೆಡುತ್ತದೆ ಎನ್ನುವವರು ಹಲಗೆಗೆ ಬಣ್ಣ ಬಳಿಯಲಿ. ಹೊಸ ಬಡಾವಣೆಗಳ ಇಟ್ಟಿಗೆ ಗೋಡೆಗೆ ಈ ಖಟಪಟಿ ಬೇಡ, ಒಳ್ಳೆಯ ನೈಲಾನ್ ಗಿಟ್ಟಿಯೇ ಸಾಕು, ರಂಧ್ರ ಸಂದಿಗೆ ಬೀಳದೆ ಇಟ್ಟಿಗೆಯ ಮೈಗೆ ಬೀಳಬೇಕು ಅಷ್ಟೆ.

ಇನ್ನೊಂದು ದಾರಿಯನ್ನು ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ: ವೆಲ್ಡಿಂಗ್ ಅಂಗಡಿ. ಡಬ್ಬಿ ಟಿವಿಯ ಕಾಲದಲ್ಲಿ ಖಾನಾವಳಿ, ದವಾಖಾನೆಗಳ ಮೂಲೆಯಲ್ಲಿ ಇಪ್ಪತ್ತು ಕೆಜಿಯ ಪೆಟ್ಟಿಗೆಯನ್ನು ಹೊತ್ತಿದ್ದವು ಏಂಗಲ್ ಕಬ್ಬಿಣದ ಚೌಕಟ್ಟುಗಳು. ಅವು ಒರಟು, ತುಕ್ಕು ಹಿಡಿದವು, ಆದರೆ ಕೀಲಿಲ್ಲದವು. ಎರಡು ಏಂಗಲ್ ಪಟ್ಟಿ, 200 ಮಿ.ಮೀ. ಅಂತರಕ್ಕೆ ನಾಲ್ಕು ರಂಧ್ರ, ಬೇಕಾದಷ್ಟೇ ಬಾಗು ಎಂದು ಅಳತೆ ಕೊಟ್ಟರೆ ಮಗ್ಗದ ಬಿಡಿಭಾಗ ಬೆಸೆಯುವ ಕೈ ಅರ್ಧ ದಿನದಲ್ಲಿ ಮಾಡಿಕೊಡುತ್ತದೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಬರಲಾರದು. ಬಾಗು ಒಮ್ಮೆ ಕೂಡಿಸಿದ್ದೇ ಕೊನೆ, ಆಮೇಲೆ ಬದಲಿಸಲಾಗದು. ನೋಡುವ ಜಾಗ ಬದಲಾಗದ ಮನೆಗೆ ಅದೊಂದು ಕುಂದೇ ಅಲ್ಲ. ಟಿವಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬಿಡಲು ಹೇಳಬೇಕು. ನಮ್ಮ ಬೇಸಿಗೆಗೆ ಗಾಳಿಯಾಡಬೇಕು, ಕೇಬಲ್ ಚುಚ್ಚಲು ಕೈಯೂ ಹೋಗಬೇಕು.